ಹೊಸ ಮನೆಗೆ ರಸ್ತೆಯ ಸುಂಕ

ಊರ ಹೊರಗಣ ಬಡಾವಣೆಯಲ್ಲಿ ನೀವೊಂದು ನಿವೇಶನ ಕೊಂಡು ಮನೆ ಕಟ್ಟಿಸಲು ಹೊರಟಿದ್ದೀರಿ ಎನ್ನೋಣ. ಪರವಾನಗಿ ಕೇಳಲು ಹೋದಾಗ, “ನಿಮ್ಮ ಮನೆಯಿಂದ ದಿನವೂ ಇಷ್ಟು ಸಾರಿ ವಾಹನ ಹೊರಡುತ್ತದೆ, ಅದಕ್ಕಾಗಿ ರಸ್ತೆಯನ್ನು ಅಗಲ ಮಾಡಬೇಕು, ನಿಮ್ಮ ಪಾಲಿನ ಹಣವನ್ನು ಈಗಲೇ ಕಟ್ಟಿ” ಎಂದರೆ ನೀವೇನನ್ನುವಿರಿ? ಅಮೆರಿಕದ ಊರುಗಳಲ್ಲಿ ಈ ಪ್ರಶ್ನೆ ಸುಮಾರು ಅರ್ಧ ಶತಮಾನದಿಂದ ಸಭೆಗಳನ್ನೂ ನ್ಯಾಯಾಲಯಗಳನ್ನೂ ಕಾಡುತ್ತ ಬಂದಿದೆ.

ಫ್ಲಾರಿಡಾದ ಪಾಮ್ ಬೀಚ್ ಕೌಂಟಿಯನ್ನೇ ನೋಡಿ. ಕೌಂಟಿ ಎಂದರೆ ಬಹುಮಟ್ಟಿಗೆ ನಮ್ಮ ಜಿಲ್ಲೆಯಂತೆ; ಆದರೆ ಅದನ್ನು ನಡೆಸುವವರು ಜನರೇ ಚುನಾಯಿಸಿದ ಕಮಿಷನರುಗಳು. 1950ರಲ್ಲಿ ಅಲ್ಲಿದ್ದವರು ಸುಮಾರು 1 ಲಕ್ಷ 15 ಸಾವಿರ ಜನ. 1980ರ ಗಣತಿಯ ವೇಳೆಗೆ 5 ಲಕ್ಷ 76 ಸಾವಿರ. ಹೀಗೆ ಬೆಳೆದ ನಾಡಿಗೆ ಹಳೆಯ ರಸ್ತೆಗಳು ಹೇಗೆ ಸಾಲಬೇಕು? ಹಳೆಯ ನಿವಾಸಿಗಳು, “ನಾವು ತೆರಿಗೆ ತೆತ್ತು ರಸ್ತೆ ಮಾಡಿಸಿದ್ದೇವೆ, ಬರುವವರಿಗೂ ನಾವೇ ಮಾಡಿಸಬೇಕೆ?” ಎಂದರು. ಮನೆ ಕಟ್ಟುವವರದು ಇನ್ನೊಂದು ನ್ಯಾಯ: “ಹೊಸ ರಸ್ತೆಯ ಮೇಲೆ ಹಳಬರ ಕಾರೂ ಓಡುತ್ತದಲ್ಲ, ನಾವೊಬ್ಬರೇ ಏಕೆ ತೆರಬೇಕು?” ಎರಡೂ ಕಡೆ ಸತ್ಯವಿತ್ತೆಂಬುದೇ ಈ ವ್ಯಾಜ್ಯದ ತೊಡಕು.

1979ರಲ್ಲಿ ಕೌಂಟಿಯು ಹೊಸ ಕಟ್ಟಡಗಳ ಮೇಲೆ ‘ನ್ಯಾಯವಾದ ಪಾಲು’ ಎಂಬ ಶುಲ್ಕವನ್ನು ಹಾಕಿತು. ಒಂಟಿ ಮನೆಗೆ 300 ಡಾಲರು. ಆ ಹಣ ಬೊಕ್ಕಸದಲ್ಲಿ ಬೆರೆಯುವಂತಿರಲಿಲ್ಲ. ಯಾವ ವಲಯದಲ್ಲಿ ವಸೂಲಾಯಿತೋ ಆ ವಲಯದ ರಸ್ತೆಗೇ, ಗೊತ್ತಾದ ಅವಧಿಯೊಳಗೆ ಖರ್ಚಾಗಬೇಕು. ಕಟ್ಟಡಗಾರರ ಸಂಘ ದಾವೆ ಹೂಡಿತು. ಇದು ಶುಲ್ಕದ ವೇಷ ತೊಟ್ಟ ತೆರಿಗೆಯೆಂದು ವಾದಿಸಿತು. 1983ರಲ್ಲಿ ಮೇಲ್ಮನವಿಯ ನ್ಯಾಯಾಲಯ ಕೌಂಟಿಯ ಪಕ್ಷ ಹಿಡಿಯಿತು. ರಸ್ತೆಯ ಪ್ರಯೋಜನ ಹೊಸಬರಿಗೆ ಮಾತ್ರ ಸಿಕ್ಕಬೇಕೆಂದಿಲ್ಲ, ಅವರಿಗೂ ತಕ್ಕಷ್ಟು ಸಿಕ್ಕರೆ ಸಾಕು ಎಂಬುದು ಆ ತೀರ್ಪಿನ ತಿರುಳು.

ನಮ್ಮಲ್ಲಿ 1976ರ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ ಕಾಯಿದೆಯಲ್ಲಿಯೂ ಇದಕ್ಕೆ ದೂರದ ನೆಂಟನಂಥ ಒಂದು ತೆರಿಗೆಯುಂಟು. ಆದರೆ ಅದು ಯೋಜನೆಯಿಂದ ಜಮೀನಿನ ಬೆಲೆ ಏರಿದ್ದಕ್ಕೆ ಕೇಳುವ ಪಾಲು. ಫ್ಲಾರಿಡಾದವರು ಕೇಳಿದ್ದು ರಸ್ತೆಗೆ ಏರಿದ ಹೊರೆಯ ಪಾಲು. ಲೆಕ್ಕ ಬೇರೆ, ಜಗಳವೂ ಬೇರೆ.

ತೀರ್ಪಿನಿಂದ ಶುಲ್ಕ ಊರ್ಜಿತವಾಯಿತೇ ಹೊರತು ಎಷ್ಟಿರಬೇಕೆಂಬ ಮಾತು ಮುಗಿಯಲಿಲ್ಲ. ರಸ್ತೆಯ ಖರ್ಚು ಏರಿದಂತೆಲ್ಲ ದರವನ್ನೂ ಏರಿಸಬೇಕಲ್ಲ! ಒಮ್ಮೆಲೇ ಏರಿಸಿದರೆ ಮನೆಯ ಬೆಲೆ ಏರುತ್ತದೆಂದು ಕಟ್ಟುವವರ ಕೂಗು. ಏರಿಸದಿದ್ದರೆ ಕೊರತೆ ಹಳಬರ ತಲೆಯ ಮೇಲೆ. 2021ರಲ್ಲಿ ಫ್ಲಾರಿಡಾದ ಶಾಸನಸಭೆಯೇ ನಡುವೆ ಬಂದಿತು. ಶೇಕಡಾ 25ರವರೆಗಿನ ಏರಿಕೆಯನ್ನು ಎರಡು ವಾರ್ಷಿಕ ಕಂತುಗಳಲ್ಲಿ, 25ರಿಂದ 50ರವರೆಗಿನದನ್ನು ನಾಲ್ಕು ಕಂತುಗಳಲ್ಲಿ ಜಾರಿಗೆ ತರಬೇಕು. ನಾಲ್ಕು ವರ್ಷಕ್ಕೊಮ್ಮೆಗಿಂತ ಹೆಚ್ಚು ಏರಿಸಕೂಡದು ಎಂದಿತು. ಅಸಾಧಾರಣ ಕಾರಣ ತೋರಿಸಿ, ಸಾರ್ವಜನಿಕ ಸಭೆ ಎರಡು ಬಾರಿ ಕರೆದು, ಮೂರರಲ್ಲಿ ಎರಡು ಪಾಲು ಮತ ಪಡೆದರೆ ಮಾತ್ರ ಆ ಮಿತಿ ದಾಟಬಹುದಿತ್ತು. ಕಟ್ಟುವವರಿಗೆ ಇದು ಸಮಾಧಾನ ತಂದಿರಬೇಕು. ರಸ್ತೆಯ ಗುತ್ತಿಗೆದಾರನಂತೂ ತನ್ನ ಬಿಲ್ಲನ್ನು ನಾಲ್ಕು ಕಂತು ಮಾಡಿ ಕೊಡುವವನಲ್ಲ.

ಕೊನೆಗೆ ಮಾತು ದೇಶದ ಸರ್ವೋಚ್ಚ ನ್ಯಾಯಾಲಯವನ್ನೂ ಮುಟ್ಟಿತು. ಕ್ಯಾಲಿಫೋರ್ನಿಯಾದ ಎಲ್ ಡೊರಾಡೊ ಕೌಂಟಿಯಲ್ಲಿ ಕಾರ್ಖಾನೆಯಲ್ಲಿ ತಯಾರಾದ ಒಂದು ಮನೆಯನ್ನು ತನ್ನ ನಿವೇಶನದಲ್ಲಿ ನಿಲ್ಲಿಸಹೊರಟ ಭೂಮಾಲಿಕನಿಗೆ ಕೌಂಟಿ ಹೇಳಿದ ಸಂಚಾರ ಶುಲ್ಕ 23,420 ಡಾಲರು! ಆತ ಆಕ್ಷೇಪಣೆಯೊಡನೆ ಹಣ ಕಟ್ಟಿ ದಾವೆ ಹೂಡಿದ. ಸಭೆಯೇ ಕಾನೂನು ಮಾಡಿ ಹಾಕಿದ ಶುಲ್ಕವೆಂದ ಮಾತ್ರಕ್ಕೆ ಸಂವಿಧಾನದ ಪರೀಕ್ಷೆಯಿಂದ ಪಾರಾಗದು ಎಂದು 2024ರ ಏಪ್ರಿಲ್‌ನಲ್ಲಿ ನ್ಯಾಯಾಧೀಶರೆಲ್ಲ ಒಮ್ಮತದಿಂದ ಹೇಳಿದರು. ಆದರೆ ಒಂದೊಂದು ಮನೆಯ ಹೊರೆಯನ್ನೂ ಪ್ರತ್ಯೇಕವಾಗಿ ಅಳೆಯಬೇಕೆ, ಒಂದು ಬಗೆಯ ಮನೆಗಳಿಗೆಲ್ಲ ಒಂದೇ ದರ ಸಾಕೆ ಎಂಬುದನ್ನು ಆ ದಿನ ತೀರ್ಮಾನಿಸದೆ ಬಿಟ್ಟರು.