ತಂದೆಯ ರಕ್ತ

ಹೃದಯದ ನಡುಗೋಡೆಯಲ್ಲಿ ರಂಧ್ರವಿಲ್ಲವೆಂದು 13ನೆಯ ಶತಮಾನದಲ್ಲೇ ಬರೆದ ಹಕೀಮ್ ಇಬ್ನ್ ಅಲ್-ನಫೀಸರನ್ನು ನಾವು ಹೆಮ್ಮೆಯಿಂದ ನೆನೆಯುತ್ತೇವೆ. ಆದರೆ ಕೆಲವು ಮಕ್ಕಳು ಆ ರಂಧ್ರದೊಂದಿಗೇ ಹುಟ್ಟುತ್ತಾರೆ. ಅಮೆರಿಕದ ಮಿನ್ನೆಸೋಟದ ಗ್ರೆಗರಿ ಅಂಥ ಕೂಸು. ಅದೇ ಕಾಯಿಲೆಗೆ ಮಗಳೊಬ್ಬಳನ್ನು ಮಣ್ಣು ಮಾಡಿದ್ದ ಮನೆ ಅದು.

ಹೃದಯ ತೆರೆದು ಹೊಲಿಯುವಷ್ಟು ಹೊತ್ತು ರಕ್ತ ಹರಿಸಲು ನಂಬಬಹುದಾದ ಯಂತ್ರ ಆಗ ಇರಲಿಲ್ಲ. 1954ರ ಮಾರ್ಚ್ 26ರಂದು ಡಾ. ಲಿಲ್ಲೆಹೈ ತಂದೆಯನ್ನೇ ಪಕ್ಕದ ಮೇಜಿನ ಮೇಲೆ ಮಲಗಿಸಿದರು. ಮಗುವಿನ ಅಶುದ್ಧ ರಕ್ತ ಕೊಳವೆಯಲ್ಲಿ ಹರಿದು, ತಂದೆಯ ಶ್ವಾಸಕೋಶದಲ್ಲಿ ಶುದ್ಧವಾಗಿ ಮರಳಿತು. ಒಂದು ಜೀವ ಉಳಿಸಲು ಎರಡು ಜೀವ ಪಣ! ಯಾವ ತಂದೆ ಬೇಡವೆಂದಾನು?

ತಂದೆ ಉಳಿದರು. ಹನ್ನೊಂದನೆಯ ದಿನ ಮಗು ನ್ಯುಮೋನಿಯಾದಿಂದ ತೀರಿಕೊಂಡಿತು. ಮರಣೋತ್ತರ ಪರೀಕ್ಷೆಯಲ್ಲಿ ನೋಡಿದರೆ ರಂಧ್ರ ಮುಚ್ಚಿಯೇ ಇತ್ತು. 1955ರೊಳಗೆ ಇದೇ ವಿಧಾನದಲ್ಲಿ 45 ಮಂದಿಗೆ ಶಸ್ತ್ರಚಿಕಿತ್ಸೆಯಾಯಿತು; 28 ಮಂದಿ ಬದುಕಿ ಮನೆಗೆ ಮರಳಿದರು.