ಬಾಂಬು ಬೀಳುವ ಮುನ್ನವೇ ಸತ್ತ ಸಾಕುಪ್ರಾಣಿಗಳು

ಎರಡನೆಯ ಮಹಾಯುದ್ಧದ ಪಾಠದಲ್ಲಿ ನಾವು ಮಕ್ಕಳಿಗೆ ಹಿಟ್ಲರ್, ಚರ್ಚಿಲ್, ಒಪ್ಪಂದಗಳು, ಇಸವಿಗಳು ಎಲ್ಲವನ್ನೂ ಹೇಳುತ್ತಿದ್ದೆವು. ಬ್ರಿಟನ್ನಿನ ಮನೆಗಳಲ್ಲಿದ್ದ ನಾಯಿ, ಬೆಕ್ಕುಗಳ ಗತಿ ಏನಾಯಿತೆಂಬುದು ನಾನು ಪಾಠ ಹೇಳಿದ ಯಾವ ಪಠ್ಯಪುಸ್ತಕದಲ್ಲಿಯೂ ಇರಲಿಲ್ಲ. ವಿಪತ್ತು ಎದುರಾಗುವ ಮೊದಲೇ ಸಿದ್ಧರಾಗಿರಬೇಕೆಂಬ ಮಾತಿಗೆ ಅದಕ್ಕಿಂತ ಕಠೋರವಾದ ನಿದರ್ಶನವನ್ನು ನಾನು ಕಂಡಿಲ್ಲ.

ವಾಯುದಾಳಿಯ ಕಾಲದಲ್ಲಿ ಪ್ರಾಣಿಗಳನ್ನು ರಕ್ಷಿಸಲೆಂದು 1939ರ ಆಗಸ್ಟ್‌ನಲ್ಲಿ ಅಲ್ಲಿ ‘ನಾರ್ಪ್ಯಾಕ್’ ಎಂಬ ಸಮಿತಿ ರಚನೆಯಾಯಿತು. ಸಾಕುಪ್ರಾಣಿಗಳನ್ನು ಮೊದಲೇ ಹಳ್ಳಿಗಾಡಿಗೆ ಕಳುಹಿಸಿರಿ, ಯಾರ ವಶಕ್ಕೂ ಒಪ್ಪಿಸಲಾಗದಿದ್ದರೆ ಅವನ್ನು ಕೊಲ್ಲಿಸುವುದೇ ಕರುಣೆ ಎಂದು ಅದರ ಕರಪತ್ರ ಸಲಹೆ ನೀಡಿತು. ಸಾರ್ವಜನಿಕ ಆಶ್ರಯತಾಣಗಳಲ್ಲಿ ಪ್ರಾಣಿಗಳಿಗೆ ಪ್ರವೇಶವಿರಲಿಲ್ಲ. ಸೆಪ್ಟೆಂಬರ್ 3ರಂದು ಯುದ್ಧ ಘೋಷಣೆಯಾದೊಡನೆ ಪ್ರಾಣಿ ಚಿಕಿತ್ಸಾಲಯಗಳ ಮುಂದೆ ಜನ ಸಾಲುಗಟ್ಟಿ ನಿಂತರು. ಆ ಕೆಲವೇ ದಿನಗಳಲ್ಲಿ ಲಂಡನ್ನಿನಲ್ಲಿ ಸುಮಾರು 4 ಲಕ್ಷ ನಾಯಿ, ಬೆಕ್ಕುಗಳನ್ನು ಕೊಲ್ಲಲಾಯಿತೆಂದು ಇತಿಹಾಸಕಾರರು ಅಂದಾಜು ಮಾಡಿದ್ದಾರೆ. ಲಂಡನ್ನಿನ ಮೇಲೆ ಬಾಂಬುಗಳ ಮಳೆ ಆರಂಭವಾದದ್ದು 1940ರ ಸೆಪ್ಟೆಂಬರ್ 7ರಂದು, ಅಂದರೆ ಒಂದು ವರ್ಷ ಕಳೆದ ಮೇಲೆ! ಆ ಪ್ರಾಣಿಗಳನ್ನು ಕೊಂದದ್ದು ಶತ್ರುವಲ್ಲ, ಗಾಬರಿ.

ಬದುಕುಳಿದವುಗಳ ಕಥೆ ಬೇರೆಯದೇ ಆಗಿದೆ. ಅದೇ ಸಮಿತಿ ಮುಂದೆ ಪ್ರಾಣಿಗಳನ್ನು ನೋಂದಾಯಿಸಿ, ಕೊರಳಿಗೆ ಗುರುತಿನ ಬಿಲ್ಲೆ ಕಟ್ಟಿಸಿತು. ಮರಿಯಾ ಡಿಕಿನ್ 1917ರಲ್ಲಿ ಸ್ಥಾಪಿಸಿದ್ದ ಪಿ.ಡಿ.ಎಸ್.ಎ. ಸಂಸ್ಥೆಯ ರಕ್ಷಣಾ ದಳಗಳು ಉರುಳಿದ ಕಟ್ಟಡಗಳಲ್ಲಿ ಸಿಲುಕಿದ ಜೀವಿಗಳನ್ನು ಹುಡುಕಿದವು. ದಳದೊಡನೆ ಹೋಗುತ್ತಿದ್ದ ಬ್ಯೂಟಿ ಎಂಬ ಪುಟ್ಟ ಟೆರಿಯರ್ ನಾಯಿ ತಾನಾಗಿಯೇ ಮಣ್ಣು ಕೆದಕತೊಡಗಿ, 63 ಪ್ರಾಣಿಗಳ ಪತ್ತೆಗೆ ಕಾರಣವಾಯಿತು. ಕುದುರೆ ಸ್ವಭಾವತಃ ಬೆದರಿ ಓಡುವ ಪ್ರಾಣಿ. ಆದರೂ ಓಲ್ಗಾ ಎಂಬ ಪೊಲೀಸ್ ಕುದುರೆ, ಬಾಂಬು ಸಿಡಿದು ಗಾಜು ಎದುರಿಗೇ ಉದುರಿದಾಗ ನೂರು ಗಜ ಓಡಿ, ಮತ್ತೆ ಸವಾರನೊಡನೆ ಕರ್ತವ್ಯಕ್ಕೆ ಮರಳಿತು. 1947ರಲ್ಲಿ ಓಲ್ಗಾ, ಅಪ್‌ಸ್ಟಾರ್ಟ್, ರೀಗಲ್ ಎಂಬ ಮೂರು ಕುದುರೆಗಳಿಗೆ ಡಿಕಿನ್ ಪದಕ ದೊರೆಯಿತು. ಪ್ರಾಣಿಗೂ ತರಬೇತಿ ಬೇಕು, ಅದರ ಜೊತೆಗಿರುವ ಮನುಷ್ಯನಿಗೂ ಧೈರ್ಯ ಬೇಕು.

ಜಗತ್ತು ಈ ಪಾಠವನ್ನು ಮತ್ತೊಮ್ಮೆ ಕಲಿಯಬೇಕಾಯಿತು. 2005ರಲ್ಲಿ ಕತ್ರಿನಾ ಚಂಡಮಾರುತ ಅಮೆರಿಕದ ನ್ಯೂ ಆರ್ಲಿಯನ್ಸ್ ನಗರವನ್ನು ಮುಳುಗಿಸಿದಾಗ, ಸಾಕುಪ್ರಾಣಿಗಳನ್ನು ಬಿಟ್ಟು ಬರಲೊಲ್ಲದೆ ಅನೇಕರು ನೀರಿನ ನಡುವೆಯೇ ಉಳಿದರು. ಸ್ಥಳಾಂತರದ ಯೋಜನೆಗಳಲ್ಲಿ ಸಾಕುಪ್ರಾಣಿಗಳನ್ನೂ ಸೇರಿಸಬೇಕೆಂಬ ಕಾನೂನು 2006ರಲ್ಲಿ ಅಲ್ಲಿ ಜಾರಿಗೆ ಬಂದಿತು. ಪ್ರಾಣಿಯನ್ನು ಮರೆತ ಯೋಜನೆ ಮನುಷ್ಯನನ್ನೂ ಉಳಿಸಲಾರದು ಎಂಬುದೇ ಇದರ ಸಾರ.

ಓದುಗರು ನೆನಪಿಡಬೇಕಾದ ಸಂಗತಿಗಳು ಕೆಲವೇ. ಕೊರಳಪಟ್ಟಿಯಲ್ಲಿ ವಿಳಾಸವಿರಲಿ, ಕೆಲವು ದಿನಗಳ ಆಹಾರ, ಔಷಧಿ, ಶುಭ್ರವಾದ ಬಟ್ಟೆ ಒಂದು ಚೀಲದಲ್ಲಿ ಸಿದ್ಧವಿರಲಿ. ರಕ್ತ ಸುರಿಯುತ್ತಿದ್ದರೆ ಬಟ್ಟೆಯನ್ನು ಗಾಯದ ಮೇಲೆ ಬಿಗಿಯಾಗಿ ಒತ್ತಿ ಹಿಡಿದು ಪಶುವೈದ್ಯರಲ್ಲಿಗೆ ಒಯ್ಯಬೇಕು. ನೋವಿನಲ್ಲಿ ನಮ್ಮ ನಾಯಿಯೇ ನಮ್ಮನ್ನು ಕಚ್ಚಬಹುದು. ಬೆಂಕಿ ಬಿದ್ದ ಲಾಯದಿಂದ ಹೊರತಂದ ಕುದುರೆ ಬೆದರಿ ಮತ್ತೆ ಒಳಗೇ ನುಗ್ಗುವುದುಂಟು. ಆದ್ದರಿಂದ ಅದನ್ನು ದೂರದಲ್ಲಿ ಭದ್ರಪಡಿಸಬೇಕು. ನೆರೆ ಬಂದಾಗ ಕಟ್ಟಿದ ಪ್ರಾಣಿಯನ್ನು ಜೊತೆಗೆ ಒಯ್ಯಲಾಗದಿದ್ದರೆ ಹಗ್ಗವನ್ನಾದರೂ ಬಿಚ್ಚಬೇಕು. ಲಂಡನ್ನಿನ ಆ 4 ಲಕ್ಷ ಜೀವಗಳಿಗೆ ಇಲ್ಲದೆ ಹೋದದ್ದು ಒಡೆಯರ ಪ್ರೀತಿಯಲ್ಲ, ಮೊದಲೇ ಯೋಚಿಸಿಟ್ಟ ಒಂದು ದಾರಿ.