ನೆಲದಡಿಯ ಪೈಪಿಗೂ ಬೇಕು ನಕ್ಷೆ: ನೀರು, ಒಳಚರಂಡಿ ಜಾಲದ ಡಿಜಿಟಲ್ ಮ್ಯಾಪಿಂಗ್ ಎಂದರೇನು?

ಅಂಬಿಕಾನಗರ: ರಸ್ತೆಗೆ ಜೆಸಿಬಿ ಬಂತೆಂದರೆ ಅಂಗಡಿಕಾರರಿಗೆ ಮೊದಲ ಚಿಂತೆ, ನಳದ ಪೈಪ್ ಎಲ್ಲಿ ಒಡೆಯುತ್ತೋ ಎಂಬುದು. ಪೈಪ್ ಎಲ್ಲಿದೆ ಅಂತ ಕೇಳಿದರೆ ಎಷ್ಟೋ ಊರುಗಳಲ್ಲಿ ಉತ್ತರ ಸಿಗೋದು ಕಡತದಲ್ಲಲ್ಲ, ಹಳೇ ವಾಲ್ವ್‌ಮನ್ ನೆನಪಿನಲ್ಲಿ. ಅವರು ನಿವೃತ್ತರಾದರೆ ಆ ಮಾಹಿತಿಯೂ ಹೋಯಿತು. ಅದನ್ನು ಅಳತೆ ಸಮೇತ ಕಂಪ್ಯೂಟರಿಗೆ ಇಳಿಸುವ ಕೆಲಸವೇ ಜಿಐಎಸ್ ಮ್ಯಾಪಿಂಗ್.

ನಕ್ಷೆಯಲ್ಲಿ ಏನಿರುತ್ತದೆ?

ಬರೀ ಗೆರೆಗಳಲ್ಲ. ಪ್ರತಿ ಪೈಪಿನ ಅಗಲ, ಆಳ, ಕಬ್ಬಿಣದ್ದೋ ಪಿವಿಸಿಯೋ, ಹಾಕಿದ ವರ್ಷ, ಯಾವ ವಾಲ್ವ್ ಮುಚ್ಚಿದರೆ ಯಾವ ಓಣಿಗೆ ನೀರು ನಿಲ್ಲುತ್ತದೆ ಎಂಬ ವಿವರ ಇರುತ್ತದೆ. ಒಳಚರಂಡಿಯಾದರೆ ಪ್ರತಿ ಚೇಂಬರಿನ ತಳಮಟ್ಟವೂ ಬೇಕು. ಕೊಳಚೆ ಹರಿಯೋದು ಇಳಿಜಾರಿನಿಂದಲೇ.

ಹೇಗೆ ಮಾಡುತ್ತಾರೆ?

ಹಳೇ ಕಾಗದದ ನಕ್ಷೆ ಮತ್ತು ವಾಲ್ವ್‌ಮನ್ ಮಾಹಿತಿ ಮೊದಲು. ಆಮೇಲೆ ವಾಲ್ವ್, ಚೇಂಬರ್‌ಗಳ ಜಾಗವನ್ನು ಡಿಜಿಪಿಎಸ್ ಉಪಕರಣದಿಂದ ಗುರುತಿಸುತ್ತಾರೆ. ಮೊಬೈಲಿನ ಜಿಪಿಎಸ್ ಕೆಲವು ಮೀಟರ್ ಆಚೀಚೆ ತೋರಿಸುವುದರಿಂದ ಅದು ಸಾಲದು. ಕಬ್ಬಿಣದ ಪೈಪನ್ನು ಲೊಕೇಟರ್ ಯಂತ್ರ ಹಿಡಿಯುತ್ತದೆ, ಪಿವಿಸಿಗೆ ನೆಲದೊಳಗೆ ನೋಡುವ ರಾಡಾರ್ ಬೇಕು. ಒದ್ದೆ ಜೇಡಿಮಣ್ಣಿನಲ್ಲಿ ರಾಡಾರಿಗೆ ಸರಿಯಾಗಿ ಕಾಣಿಸೋದಿಲ್ಲ. ಹಾಗಾಗಿ ನಮ್ಮಂಥ ಮಳೆ ಪ್ರದೇಶದಲ್ಲಿ ಬೇಸಿಗೆಯೇ ಸರ್ವೆಗೆ ಸೂಕ್ತ.

ಆರೋಗ್ಯಕ್ಕೂ ಇದಕ್ಕೂ ಏನು ಸಂಬಂಧ?

ನೀರು ಬಿಡದ ಹೊತ್ತಿನಲ್ಲಿ ಪೈಪಿನೊಳಗೆ ಒತ್ತಡ ಇರೋದಿಲ್ಲ. ಬಿರುಕಿದ್ದರೆ ಸುತ್ತಲಿನ ಕೊಳಚೆ ಒಳಗೆ ಸೇರುತ್ತದೆ, ಮರುದಿನ ಅದೇ ನಳಕ್ಕೆ ಬರುತ್ತದೆ. ಅದಕ್ಕೇ ನೀರಿನ ಪೈಪ್ ಒಳಚರಂಡಿಯಿಂದ 3 ಮೀಟರ್ ದೂರ ಇರಬೇಕು, ದಾಟುವ ಕಡೆ ಅದಕ್ಕಿಂತ ಮೇಲಿರಬೇಕು ಎನ್ನುತ್ತದೆ ನಿಯಮ. ನಕ್ಷೆ ಇದ್ದರೆ ಇವೆರಡೂ ಹತ್ತಿರವಾಗುವ ಜಾಗಗಳನ್ನು ಪಟ್ಟಿ ಮಾಡಿ ಮಳೆಗಾಲಕ್ಕೆ ಮೊದಲೇ ಪರೀಕ್ಷಿಸಬಹುದು. ವಾಂತಿಭೇದಿ ಕಾಣಿಸಿಕೊಂಡರೆ ಆ ಮನೆಗಳಿಗೆಲ್ಲ ನೀರು ಕೊಡುವ ಲೈನ್ ಯಾವುದೆಂದು ಬೇಗ ತಿಳಿಯುತ್ತದೆ.

ಹುಬ್ಬಳ್ಳಿ-ಧಾರವಾಡದ ಪಾಠ

2008ರಲ್ಲಿ ಹುಬ್ಬಳ್ಳಿ-ಧಾರವಾಡದ 8 ವಾರ್ಡ್‌ಗಳಲ್ಲಿ ವಿಶ್ವಬ್ಯಾಂಕ್ ನೆರವಿನಿಂದ 24 ಗಂಟೆ ನೀರು ಶುರುವಾಯಿತು. ಅಲ್ಲಿ ಹಳೇ ಪೈಪಿಗೆ ತೇಪೆ ಹಾಕದೆ ಹೊಸ ಜಾಲವನ್ನೇ ಹಾಕಿ, ಮೀಟರ್ ಕೂರಿಸಿದರು. ಎಲ್ಲಿಂದ ಎಲ್ಲಿಗೆ ಹೋಗಿದೆ ಎಂದೇ ತಿಳಿಯದ ಪೈಪಿನಲ್ಲಿ ಸೋರಿಕೆ ಲೆಕ್ಕ ಹಾಕೋದು ಸಾಧ್ಯವಿಲ್ಲ. ಒಂದು ಪ್ರದೇಶಕ್ಕೆ ಬಂದ ನೀರೆಷ್ಟು, ಮೀಟರ್ ತೋರಿಸಿದ್ದೆಷ್ಟು ಎಂದು ತಾಳೆ ನೋಡಬೇಕಾದರೆ ಆ ಪ್ರದೇಶದ ಗಡಿ ಗೊತ್ತಿರಲೇಬೇಕು.

ಅಗೆಯುವ ಮುನ್ನ

2023ರ ಮಾರ್ಚ್ 22ರಂದು ಕೇಂದ್ರ ಸರ್ಕಾರ ‘ಕಾಲ್ ಬಿಫೋರ್ ಯು ಡಿಗ್’ ಆ್ಯಪ್ ಬಿಡುಗಡೆ ಮಾಡಿತು. ಅಗೆಯುವವರು ಜಾಗ ನಮೂದಿಸಿದರೆ ಅಲ್ಲಿ ಕೇಬಲ್, ಪೈಪ್ ಇರುವ ಸಂಸ್ಥೆಗಳಿಗೆ ಸೂಚನೆ ಹೋಗುತ್ತದೆ. ಆದರೆ ತನ್ನ ಪೈಪ್ ಎಲ್ಲಿದೆ ಎಂದು ಸಂಸ್ಥೆಗೇ ಗೊತ್ತಿಲ್ಲದಿದ್ದರೆ ಸೂಚನೆ ಬಂದೂ ಉಪಯೋಗವಿಲ್ಲ.

ನಮ್ಮಲ್ಲಿ ಕೇಳಬೇಕಾದದ್ದು

ದಾಂಡೇಲಿಯಲ್ಲಿ ನಗರಸಭೆ, ಹಳಿಯಾಳದಲ್ಲಿ ಪುರಸಭೆ, ಮುಂಡಗೋಡದಲ್ಲಿ ಪಟ್ಟಣ ಪಂಚಾಯಿತಿ, ಜೋಯಿಡಾದಲ್ಲಿ ಗ್ರಾಮ ಪಂಚಾಯಿತಿ. ಅಂಬಿಕಾನಗರವಂತೂ ಕಾಳಿ ಜಲವಿದ್ಯುತ್ ಯೋಜನೆಗೆಂದೇ ಬೆಳೆದ ಊರು, ಇಲ್ಲಿ ಕೆಪಿಸಿ ಕಾಲೊನಿಯೂ ಇದೆ. ಕಚೇರಿ ಯಾವುದೇ ಇರಲಿ, ಕಾಮಗಾರಿ ಮುಗಿದಾಗ ಒಂದು ಪ್ರಶ್ನೆ ಕೇಳಿ: ಪೈಪ್ ನಿಜವಾಗಿ ಹೋದ ದಾರಿಯ ನಕ್ಷೆ ಪಡೆದಿದ್ದೀರಾ? ಟೆಂಡರ್ ನಕ್ಷೆ ಸಾಲದು. ಬಂಡೆಯೋ ಮರವೋ ಅಡ್ಡ ಬಂದರೆ ದಾರಿ ಬದಲಾಗಿರುತ್ತದೆ.

ನೀವು ಮಾಡಬಹುದಾದದ್ದು

• ಮನೆ, ಅಂಗಡಿ ಮುಂದೆ ಪೈಪ್ ಹಾಕಿದರೆ ಮಣ್ಣು ಮುಚ್ಚುವ ಮೊದಲು ಫೋಟೊ ತೆಗೆಯಿರಿ.
• ಗೋಡೆಯ ಮೂಲೆಯಿಂದ ಎಷ್ಟು ದೂರ, ಎಷ್ಟು ಆಳ ಎಂದು ಟೇಪ್ ಹಿಡಿದು ಬರೆದಿಡಿ.
• ಕಾಂಕ್ರೀಟ್ ರಸ್ತೆ ಮಾಡುವಾಗ ವಾಲ್ವ್, ಚೇಂಬರ್ ಮುಚ್ಚಳ ಹೂತುಹೋಗದಂತೆ ನೋಡಿ.
• ಹೊಸ ನಳ ಸಂಪರ್ಕವನ್ನು ಕಚೇರಿಯಲ್ಲಿ ದಾಖಲಿಸಿ. ದಾಖಲಾಗದ ಸಂಪರ್ಕ ನಕ್ಷೆಗೆ ಬರೋದಿಲ್ಲ.

ನಕ್ಷೆ ಒಮ್ಮೆ ಮಾಡಿ ಬಿಡುವಂಥದ್ದಲ್ಲ. ಪ್ರತಿ ದುರಸ್ತಿ, ಪ್ರತಿ ಹೊಸ ಜೋಡಣೆ ಅದರಲ್ಲಿ ಸೇರಬೇಕು. ಇಲ್ಲವಾದರೆ ಕೆಲವೇ ವರ್ಷಗಳಲ್ಲಿ ಅದನ್ನು ನಂಬಿ ಅಗೆಯೋದೂ ಅಪಾಯವೇ.